ಕುತ್ತಿಗೆ ನೋಡಿ, ಆಮೇಲೆ ಚಿರತೆ ಅನ್ನಿ

ಬೆಳಗಿನ ಜಾವ ಹಾಲು ಕರೆಯಲು ಕೊಟ್ಟಿಗೆಗೆ ಹೋದವರಿಗೆ ಮೇಕೆ ಸತ್ತು ಬಿದ್ದಿರುವುದು ಕಾಣುತ್ತದೆ. ಆರು ಗಂಟೆಗೆ ಬೀದಿಯವರೆಲ್ಲ ಸೇರುತ್ತಾರೆ. ಏಳಕ್ಕೆ ವಾಟ್ಸಾಪ್ ಗುಂಪಿನಲ್ಲಿ ‘ಚಿರತೆ ದಾಳಿ’ ಅಂತ ಫೋಟೋ ಓಡಾಡುತ್ತಿರುತ್ತದೆ. ಅಷ್ಟರಲ್ಲಿ ಮೇಕೆಯ ಸುತ್ತ ಐವತ್ತು ಜೋಡಿ ಚಪ್ಪಲಿ ಗುರುತು ಬಿದ್ದು, ಕೊಂದ ಪ್ರಾಣಿಯ ಹೆಜ್ಜೆ ಮಣ್ಣಾಗಿರುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣ, ತಿ. ನರಸೀಪುರದ ಕಡೆ ವರ್ಷಕ್ಕೆ ಎಷ್ಟೋ ಸಲ ಹೀಗೆ ಆಗುತ್ತದೆ. ಕೊಂದದ್ದು ಹಲವು ಸಲ ಚಿರತೆಯೇ. ಆದರೆ ಊರ ಬೀದಿನಾಯಿಗಳು ಮಾಡಿದ ಕೆಲಸವೂ ಚಿರತೆಯ ಲೆಕ್ಕಕ್ಕೆ ಸೇರಿಹೋಗುವುದುಂಟು.

ಯಾವ ಪ್ರಾಣಿ ಹೇಗೆ ಬೇಟೆಯಾಡುತ್ತದೆ ಅನ್ನುವುದನ್ನು ತಿಳಿಯಲು ಕಾಡಿಗೇ ಹೋಗಬೇಕಿಲ್ಲ. ಸತ್ತ ಪ್ರಾಣಿಯ ಮೈಮೇಲೆ ಅದು ಬರೆದಿರುತ್ತದೆ. ಎಷ್ಟು ದೂರದಿಂದ ಎರಗಿತು, ಒಂಟಿಯಾಗಿ ಬಂತೋ ಗುಂಪಿನಲ್ಲೋ, ಉಸಿರು ಕಟ್ಟಿಸಿತೋ ರಕ್ತ ಹರಿಸಿತೋ, ಎಲ್ಲವೂ ಅಲ್ಲಿರುತ್ತದೆ. ಓದುವುದಕ್ಕೆ ಮೊದಲು ಕೈ ಹಾಕಬಾರದು, ಅಷ್ಟೆ.

ಮೊದಲು ನೆಲ ನೋಡಿ. ಮೆತ್ತನೆ ಮಣ್ಣಲ್ಲೋ ಕೆಸರಲ್ಲೋ ಒಂದು ಹೆಜ್ಜೆ ಸಿಕ್ಕರೂ ಸಾಕು, ಅದರ ಮೇಲೆ ಬಾಂಡ್ಲಿಯನ್ನೋ ಬುಟ್ಟಿಯನ್ನೋ ಮಗುಚಿ ಹಾಕಿ. ಬೆಕ್ಕಿನ ಜಾತಿಯ ಹೆಜ್ಜೆ ದುಂಡಗಿರುತ್ತದೆ, ನಾಲ್ಕು ಬೆರಳು ಮೂಡಿರುತ್ತವೆ, ಉಗುರಿನ ಗುರುತು ಇರುವುದಿಲ್ಲ. ನಡೆಯುವಾಗ ಉಗುರು ಒಳಗೆ ಸರಿದಿರುವುದೇ ಕಾರಣ. ನೆಲಕ್ಕೆ ಉಜ್ಜಿ ಮೊಂಡಾಗದಂತೆ ಅದನ್ನು ಬೇಟೆಗೆಂದೇ ಕಾಪಾಡಿಕೊಂಡಿರುತ್ತದೆ. ಅಂಗಾಲಿನ ದಿಂಡಿನ ಹಿಂಬದಿಯಲ್ಲಿ ಮೂರು ಉಬ್ಬು ಕಾಣುತ್ತವೆ. ನಾಯಿಯ ಹೆಜ್ಜೆ ಅಗಲಕ್ಕಿಂತ ಉದ್ದ, ಬೆರಳಿನ ತುದಿಯಲ್ಲಿ ಉಗುರು ಚುಚ್ಚಿದ ಗುರುತು, ದಿಂಡು ಹೆಚ್ಚುಕಡಿಮೆ ತ್ರಿಕೋನ. ಕೈಯ ನಾಲ್ಕು ಬೆರಳನ್ನು ಜೋಡಿಸಿ ಪಕ್ಕದಲ್ಲಿಟ್ಟು ನೋಡಿ. ಹೆಜ್ಜೆ ಅಷ್ಟೇ ಅಗಲ, ಅಂದರೆ 7-8 ಸೆಂ.ಮೀ. ಇದ್ದರೆ ಚಿರತೆ. 12 ಸೆಂ.ಮೀ. ದಾಟಿದರೆ ಹುಲಿ. ತೀರಾ ಚಿಕ್ಕದಾಗಿ, ದುಂಡಗಿದ್ದರೆ ಕಾಡುಬೆಕ್ಕು. ಅದು ಕೋಳಿಗೆ ಬರುತ್ತದೆ, ಮೇಕೆಗೆ ಬರುವುದಿಲ್ಲ.

ಆಮೇಲೆ ಕುತ್ತಿಗೆ. ಚಿರತೆ ಕೊಂದಿದ್ದರೆ ಗಂಟಲ ಭಾಗದಲ್ಲಿ ಕೋರೆಹಲ್ಲು ಇಳಿದ ಆಳವಾದ ತೂತುಗಳಿರುತ್ತವೆ: ಮೇಲಿನ ದವಡೆಯದು ಎರಡು, ಕೆಳಗಿನದು ಎರಡು. ಹಿಡಿತ ಬದಲಿಸಿದ್ದರೆ ಇನ್ನೊಂದು ಜೊತೆ. ಮೇಲಿನ ಎರಡು ಕೋರೆಗಳ ನಡುವೆ ಸುಮಾರು ನಾಲ್ಕು ಸೆಂ.ಮೀ. ಅಂತರ ಇದ್ದರೆ ಚಿರತೆ, ಐದು ದಾಟಿದ್ದರೆ ಹುಲಿಯನ್ನು ಅನುಮಾನಿಸಬೇಕು. ಗಾಯ ಸ್ವಚ್ಛವಾಗಿರುತ್ತದೆ, ಹರಕು ಮುರುಕಾಗಿರುವುದಿಲ್ಲ. ಹೊರಗೆ ಹರಿದ ರಕ್ತವೂ ಆಶ್ಚರ್ಯವಾಗುವಷ್ಟು ಕಡಿಮೆ. ಮೇಕೆ ಸತ್ತಿದ್ದು ರಕ್ತ ಹೋಗಿ ಅಲ್ಲ, ಗಾಳಿಕೊಳವೆ ಹಿಸುಕಿ ಉಸಿರು ನಿಂತು.

ಪಶುವೈದ್ಯರು ಕುತ್ತಿಗೆಯ ಚರ್ಮ ಬಿಡಿಸಿ ನೋಡುವುದು ಇದಕ್ಕೇ. ಹಲ್ಲು ಇಳಿದ ಜಾಗದ ಸುತ್ತ ಚರ್ಮದ ಅಡಿಯಲ್ಲಿ ಕಪ್ಪು-ಕೆಂಪಾಗಿ ರಕ್ತ ಹೆಪ್ಪುಗಟ್ಟಿದ್ದರೆ ಪ್ರಾಣಿ ಬದುಕಿದ್ದಾಗಲೇ ಕಚ್ಚಿಸಿಕೊಂಡಿದೆ. ತೂತು ಇದ್ದು ಹೆಪ್ಪು ಇಲ್ಲದಿದ್ದರೆ ಬೇರೇನೋ ಕಾರಣಕ್ಕೆ ಸತ್ತ ಮೇಲೆ ಯಾವುದೋ ಪ್ರಾಣಿ ಬಂದು ಬಾಯಿ ಹಾಕಿದೆ. ಹೃದಯ ನಿಂತ ಮೇಲೆ ರಕ್ತ ಅಂಗಾಂಶಕ್ಕೆ ನುಗ್ಗುವುದಿಲ್ಲವಲ್ಲ. ಪರಿಹಾರದ ಅರ್ಜಿ ನಿಲ್ಲುವುದೂ ಬೀಳುವುದೂ ಈ ಒಂದು ಗುರುತಿನ ಮೇಲೆ. ಹಾಗಾಗಿ ಸತ್ತ ಪ್ರಾಣಿಯನ್ನು ಎಳೆದು ಬದಿಗೆ ಹಾಕುವುದು, ತೊಳೆಯುವುದು, ಹೂಳುವುದು ಏನೂ ಮಾಡದೆ, ಬಿದ್ದ ಜಾಗದಲ್ಲೇ ಬಿಟ್ಟು, ಪಕ್ಕದಲ್ಲಿ ಒಂದು ಸ್ಕೇಲೋ ಬೆಂಕಿಪೊಟ್ಟಣವೋ ಇಟ್ಟು ಫೋಟೋ ತೆಗೆದು, ವಲಯ ಅರಣ್ಯಾಧಿಕಾರಿ ಕಚೇರಿಗೂ ಪಶುವೈದ್ಯರಿಗೂ ತಿಳಿಸಬೇಕು.

ಬೀದಿನಾಯಿಗಳು ಕೊಂದದ್ದು ಹೀಗಿರುವುದಿಲ್ಲ. ಓಡುವ ಪ್ರಾಣಿಯನ್ನು ಹಿಂದಿನಿಂದ ಅಟ್ಟಿಸಿಕೊಂಡು ಹೋಗುವ ಜಾತಿ ಅದು. ಗಾಯವೆಲ್ಲ ಹಿಂಗಾಲು, ತೊಡೆ, ಬಾಲದ ಬುಡ, ಕಿವಿಗಳ ಮೇಲೆ. ಒಂದೆರಡಲ್ಲ, ಹತ್ತಾರು ಕಚ್ಚು. ಚರ್ಮ ಹರಿದು ಜೋತುಬಿದ್ದಿರುತ್ತದೆ, ಸುತ್ತ ನೆಲವೆಲ್ಲ ಕೆದರಿರುತ್ತದೆ. ಐದಾರು ಕುರಿ ಸತ್ತಿದ್ದರೂ ತಿಂದದ್ದು ಅಷ್ಟಕ್ಕಷ್ಟೇ. ಆದರೆ ‘ಸುಮ್ಮನೆ ಹಲವನ್ನು ಕೊಂದಿದೆ, ಹಾಗಾದರೆ ನಾಯಿಯೇ’ ಅನ್ನುವ ತೀರ್ಮಾನವೂ ತಪ್ಪು. ಮುಚ್ಚಿದ ರೊಪ್ಪದೊಳಗೆ ಚಿರತೆ ಇಳಿದರೆ ಕುರಿಗಳಿಗೆ ಓಡಿಹೋಗಲು ಜಾಗವಿರುವುದಿಲ್ಲ, ಕಣ್ಣೆದುರೇ ಒದ್ದಾಡುತ್ತಿರುತ್ತವೆ. ಬೆಕ್ಕಿನ ಜಾತಿಗೆ ಅಲುಗಾಡುವುದನ್ನು ಕಂಡರೆ ಎರಗುವ ಸ್ವಭಾವ. ಹೊಟ್ಟೆ ತುಂಬಿದೆಯೋ ಇಲ್ಲವೋ ಅನ್ನುವುದು ಅದಕ್ಕೆ ಆಮೇಲಿನ ಮಾತು. ಬಯಲಲ್ಲಾದರೆ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿಹೋಗಿ ಕಥೆ ಮುಗಿಯುತ್ತಿತ್ತು. ಆಗಲೂ ವ್ಯತ್ಯಾಸ ಕುತ್ತಿಗೆಯಲ್ಲೇ: ಹತ್ತು ಕುರಿ ಸತ್ತಿದ್ದರೆ ಹತ್ತಕ್ಕೂ ಗಂಟಲಲ್ಲೋ ಹಿಂಗುತ್ತಿಗೆಯಲ್ಲೋ ಅದೇ ಗುರುತು.

ಇನ್ನು ಚಿರತೆ ಈ ಕೆಲಸ ಮಾಡುವ ಬಗೆ. ಅದು ಓಟಗಾರನಲ್ಲ. ಗಂಟೆಗೆ ಐವತ್ತು ಕಿ.ಮೀ. ಮೀರಿದ ವೇಗ ಅದಕ್ಕಿದೆ ನಿಜ, ಆದರೆ ಕೆಲವೇ ಕ್ಷಣ. ಮೈತುಂಬ ಸಿಡಿಯುವ ಸ್ನಾಯು, ದೂರ ಓಡಲು ಬೇಕಾದ ದೊಡ್ಡ ಹೃದಯ ಇಲ್ಲ. ಮೈತೂಕಕ್ಕೆ ಹೋಲಿಸಿದರೆ ನಾಯಿಯ ಹೃದಯ ಬೆಕ್ಕಿನದಕ್ಕಿಂತ ದೊಡ್ಡದು. ಹಾಗಾಗಿ ಚಿರತೆಯ ಬೇಟೆಯೆಲ್ಲ ಓಟಕ್ಕೆ ಮುಂಚಿನ ಕೆಲಸ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಮುಂಗಾಲು ಇಟ್ಟ ಜಾಗದಲ್ಲೇ ಹಿಂಗಾಲು ಇಟ್ಟು ಬರುತ್ತದೆ. ಒಂದು ಸಲ ನೋಡಿಕೊಂಡು ಇಟ್ಟ ಹೆಜ್ಜೆ ಸದ್ದು ಮಾಡದಿದ್ದರೆ ಇನ್ನೊಂದು ಕಾಲಿಗೂ ಆ ಜಾಗ ಸುರಕ್ಷಿತ. ಮೇಕೆ ತಲೆ ಎತ್ತಿದರೆ ಇದು ಕಲ್ಲು. ಮೇಕೆ ತಲೆ ತಗ್ಗಿಸಿದರೆ ಮತ್ತೆರಡು ಹೆಜ್ಜೆ. ಹತ್ತು ಮೀಟರ್, ಸಾಧ್ಯವಾದರೆ ಐದು ಮೀಟರ್ ಆಗುವತನಕ ಇದೇ ಆಟ. ಆ ಕೊನೆಯ ಅಂತರವನ್ನು ನಾಲ್ಕೈದು ನೆಗೆತದಲ್ಲಿ ದಾಟಿ, ಮುಂಗಾಲಿನ ಉಗುರನ್ನು ಹೆಗಲಿಗೋ ಸೊಂಟಕ್ಕೋ ಕೊಕ್ಕೆಯಂತೆ ಹಾಕಿ, ತನ್ನ ಭಾರದಿಂದಲೇ ಬೀಳಿಸುತ್ತದೆ. ಬೀಳುವ ಹೊತ್ತಿಗೆ ಬಾಯಿ ಗಂಟಲಲ್ಲಿರುತ್ತದೆ.

ಗಂಟಲೇ ಯಾಕೆ ಅಂದರೆ, ಕೊಂಬೂ ಗೊರಸೂ ತಲುಪದ ಜಾಗ ಅದು. ಕೆಳಗಿನಿಂದ ಕಚ್ಚಿ ಹಿಡಿದು ಮೈಯನ್ನು ಬೇಟೆಯ ಬೆನ್ನಿನ ಕಡೆ ಇಟ್ಟುಕೊಂಡರೆ ಒದೆಯೂ ತಾಗುವುದಿಲ್ಲ. ಒಂಟಿಯಾಗಿ ಬದುಕುವ ಬೇಟೆಗಾರನಿಗೆ ಒಂದು ಕಣ್ಣು ಹೋದರೆ, ಒಂದು ಪಕ್ಕೆಲುಬು ಮುರಿದರೆ ಉಪವಾಸವೇ ಗತಿ; ತಂದು ಹಾಕುವವರು ಯಾರೂ ಇಲ್ಲ. ಅದಕ್ಕೇ ಕೆಲವು ನಿಮಿಷ ಹಾಗೇ ಹಿಡಿದು ಕಾಯುತ್ತದೆ, ಅಲುಗಾಟ ನಿಂತರೂ ತಕ್ಷಣ ಬಿಡುವುದಿಲ್ಲ. ಮರಿ, ನಾಯಿ, ಮೊಲದಂಥ ಚಿಕ್ಕ ಪ್ರಾಣಿಗಾದರೆ ಇಷ್ಟು ನಾಜೂಕು ಬೇಕಿಲ್ಲ, ಹಿಂಗುತ್ತಿಗೆಗೆ ಒಂದೇ ಕಚ್ಚು. ಅಷ್ಟು ಹತ್ತಿರದಲ್ಲಿ ಬೆಕ್ಕಿನ ಕಣ್ಣಿಗೆ ವಸ್ತು ಮಸುಕಾಗಿ ಕಾಣುತ್ತದೆ. ಆಗ ಕೆಲಸಕ್ಕೆ ಬರುವುದು ಮೀಸೆ. ಮೀಸೆಯ ಕೂದಲು ಮುಂದಕ್ಕೆ ಚಾಚಿಕೊಂಡು ಬೇಟೆಯ ಮೈ ಸವರಿ ಎಲ್ಲಿ ಕಚ್ಚಬೇಕು ಅನ್ನುವುದನ್ನು ಹೇಳುತ್ತದೆ.

ತಪ್ಪಿದರೆ? ಮೊದಲ ಕೆಲವು ನೆಗೆತದಲ್ಲಿ ಸಿಗದಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತದೆ. ಅಟ್ಟಿಸಿಕೊಂಡು ಹೋಗುವುದು ಅಪರೂಪ. ಅಂದರೆ ಅದರ ಊಟವೆಲ್ಲ ಕಾಣದಂತೆ ಹತ್ತಿರ ಬರಲು ಏನು ಮರೆ ಇದೆ ಅನ್ನುವುದರ ಮೇಲೆ ನಿಂತಿದೆ. ಆ ಮರೆಯನ್ನು ಮಂಡ್ಯದ ಸೀಮೆಯಲ್ಲಿ ಒದಗಿಸಿಕೊಟ್ಟವರು ನಾವು.

ಕಬ್ಬಿನ ಗದ್ದೆಯನ್ನು ಚಿರತೆಯ ಎತ್ತರದಿಂದ ನೋಡಬೇಕು. ನಿಂತ ಮನುಷ್ಯನಿಗೆ ಅದು ಹಸಿರು ಗೋಡೆ, ಮೂರು ಅಡಿ ಆಚೆ ಏನೂ ಕಾಣದು. ಚಿರತೆಯ ಹೆಗಲು ನೆಲದಿಂದ ಎರಡು-ಎರಡೂಕಾಲು ಅಡಿ. ಆ ಎತ್ತರದಲ್ಲಿ ಸೋಗೆ ಮೇಲಿರುತ್ತದೆ, ಕೆಳಗೆ ಸಾಲು ಸಾಲಿನ ನಡುವೆ ಉದ್ದಕ್ಕೂ ತೆರೆದ ಸುರಂಗ. ಒಳಗೆ ನೆರಳು, ತಂಪು. ಪಕ್ಕದಲ್ಲಿ ವಿಶ್ವೇಶ್ವರಯ್ಯ ನಾಲೆಯದೋ ಅದರ ಕವಲಿನದೋ ನೀರು. ತಿನ್ನಲು ಹೆಗ್ಗಣ, ಕಾಡುಹಂದಿ ಮರಿ, ಊರಂಚಿನ ನಾಯಿ. ನಾಟಿಯಿಂದ ಕಟಾವಿನವರೆಗೆ ಹತ್ತು ಹನ್ನೆರಡು ತಿಂಗಳು, ಕೊನೆಯ ಐದಾರು ತಿಂಗಳಂತೂ ಒಳಗೆ ಯಾರೂ ಕಾಲಿಡುವುದಿಲ್ಲ. ಆಮೇಲೆ ಕೂಳೆ ಬೆಳೆ ಬಿಟ್ಟರೆ ಮತ್ತೆ ಅದೇ ಜಾಗ. ಮೂರು ತಿಂಗಳು ಗರ್ಭ ಹೊತ್ತು ಎರಡು-ಮೂರು ಮರಿ ಹಾಕುವ ತಾಯಿಗೆ ಇದಕ್ಕಿಂತ ಒಳ್ಳೆಯ ಹೆರಿಗೆ ಮನೆ ಎಲ್ಲಿ ಸಿಗಬೇಕು? ಕಬ್ಬಿನಲ್ಲೇ ಹುಟ್ಟಿ ಕಬ್ಬಿನಲ್ಲೇ ಬೆಳೆದ ಚಿರತೆಗೆ ಕಬ್ಬೇ ಕಾಡು. ಅದು ‘ದಾರಿ ತಪ್ಪಿ ನಾಡಿಗೆ ಬಂದದ್ದು’ ಅಂತ ಬರೆಯುವ ವರದಿಗಾರರಿಗೆ ಇದನ್ನೊಮ್ಮೆ ಹೇಳಬೇಕು.

ಕಟಾವು ಶುರುವಾದಾಗ ತೊಂದರೆ ಹೆಚ್ಚುವುದೂ ಇದರಿಂದಲೇ. ಗದ್ದೆಯನ್ನು ಮೂರು ಕಡೆಯಿಂದ ಕಡಿಯುತ್ತ ಬಂದರೆ ನಡುವೆ ಉಳಿದ ತುಂಡಿನಲ್ಲಿ ಚಿರತೆ ಸಿಕ್ಕಿಕೊಳ್ಳುತ್ತದೆ, ಹೊರಗೆ ಹಾರುವಾಗ ಆಳಿನ ಮೇಲೇ ಹಾರುತ್ತದೆ. ಊರಿನ ಕಡೆಯಿಂದ ಶುರುಮಾಡಿ, ಒಂದೇ ದಿಕ್ಕಿಗೆ, ಗುಡ್ಡದ ಅಥವಾ ಪಕ್ಕದ ಕಬ್ಬಿನ ಕಡೆ ದಾರಿ ಬಿಟ್ಟು ಕಡಿಯುವುದು ಒಳ್ಳೆಯದು. ಮರಿ ಸಿಕ್ಕರೆ ಎತ್ತಿಕೊಂಡು ಸೆಲ್ಫಿ ತೆಗೆಯಬಾರದು. ಕೆಲಸ ನಿಲ್ಲಿಸಿ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿದರೆ, ಮರಿಗಳನ್ನು ಅದೇ ಜಾಗದಲ್ಲಿ ಇಟ್ಟು ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುವವರೆಗೆ ಕಾಯುತ್ತಾರೆ. ಮರಿಯನ್ನು ಊರಿಗೆ ತಂದರೆ ತಾಯಿ ಊರ ಸುತ್ತಲೇ ಸುತ್ತುತ್ತದೆ.

2022ರ ಕೊನೆಯಿಂದ 2023ರ ಜನವರಿವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅದೇ ಹೊತ್ತಿಗೆ ಚಿರತೆ ಕಾಣಿಸಿಕೊಂಡಿತೆಂದು ಕೆಆರ್‌ಎಸ್‌ನ ಬೃಂದಾವನಕ್ಕೆ ಪ್ರವಾಸಿಗರನ್ನು ಬಿಡುವುದನ್ನೂ ನಿಲ್ಲಿಸಿದ್ದರು. ಮೈಸೂರಿನಲ್ಲಿ ಚಿರತೆಗೆಂದೇ ಒಂದು ಕಾರ್ಯಪಡೆ ಆದದ್ದು ಆಮೇಲೆ. ಸಾಮಾನ್ಯವಾಗಿ ಚಿರತೆಗೆ ಮನುಷ್ಯ ಬೇಟೆಯಲ್ಲ. ನೆಟ್ಟಗೆ ನಿಂತ, ಎರಡು ಕಾಲಿನ, ಐದಡಿ ಎತ್ತರದ ಪ್ರಾಣಿ ಅದರ ಲೆಕ್ಕಕ್ಕೆ ಹೊಂದುವುದಿಲ್ಲ. ಆದರೆ ಮುಸ್ಸಂಜೆಯಲ್ಲಿ ಬದುವಿನ ಮೇಲೆ ಬಗ್ಗಿ ಹುಲ್ಲು ಕೊಯ್ಯುವಾಗ, ಬಯಲ ಕಡೆ ಕುಕ್ಕರಗಾಲಲ್ಲಿ ಕೂತಾಗ, ಮಗು ಒಂದೇ ಅಂಗಳದಂಚಿಗೆ ಹೋದಾಗ, ಆ ಎತ್ತರ ಮೇಕೆಯ ಎತ್ತರಕ್ಕೆ ಇಳಿಯುತ್ತದೆ. ಹುಲ್ಲು ಹೊರೆಯನ್ನು ನಾಲ್ಕು ಗಂಟೆಯೊಳಗೆ ಮುಗಿಸಿ, ಇಬ್ಬರಾಗಿ ಹೋಗಿ, ಮಾತಾಡುತ್ತಲೋ ಮೊಬೈಲಿನಲ್ಲಿ ಹಾಡು ಹಾಕಿಕೊಂಡೋ ಇರಿ ಅನ್ನುವುದಕ್ಕೆ ಕಾರಣ ಇದು. ಎದುರಾದರೆ ಬೆನ್ನು ತೋರಿಸಿ ಓಡಬಾರದು. ಓಡುವುದನ್ನು ಅಟ್ಟುವುದು ಬೆಕ್ಕಿನ ಕೈಯಲ್ಲಿಲ್ಲದ ಚಟ.

ಕೊಟ್ಟಿಗೆಗೂ ಅದೇ ದೂರದ ಲೆಕ್ಕ. ಸುತ್ತ ಹದಿನೈದು ಮೀಟರ್ ಲಂಟಾನ, ಪೊದೆ, ಸೌದೆ ಒಟ್ಟಿಲು ಏನೂ ಇಲ್ಲದಂತೆ ಬೋಳು ಮಾಡಿದರೆ ಚಿರತೆಯ ಕೊನೆಯ ಮರೆಯೇ ಹೋಗುತ್ತದೆ. ಗೋಡೆ ಆರಡಿ ಕಟ್ಟಿ ಮೇಲೆ ಬಯಲು ಬಿಡುವವರು ಬಹಳ. ಚಿರತೆ ಮೂರು ಮೀಟರ್ ಎತ್ತರಕ್ಕೆ ನೆಗೆಯಬಲ್ಲದು, ಆರಡಿ ಗೋಡೆ ಅದಕ್ಕೆ ಮೆಟ್ಟಿಲು. ಇಪ್ಪತ್ತು ಕಿಲೋದ ಮೇಕೆಯನ್ನು ಕಚ್ಚಿಕೊಂಡು ಅದೇ ಗೋಡೆ ಹಾರಿ ಹೋಗುತ್ತದೆ. ಗೋಡೆ ನಾಲ್ಕಡಿ ಇದ್ದರೂ ಪರವಾಗಿಲ್ಲ, ಮೇಲೆ ಚಾವಣಿವರೆಗೆ ಗಟ್ಟಿ ವೆಲ್ಡ್ ಮೆಶ್ ಇರಲಿ. ತಲೆ ನುಗ್ಗುವ ಸಂದಿಯಲ್ಲಿ ಮೈಯೂ ನುಗ್ಗುತ್ತದೆ. ಹೆಂಚಿನ ಮಾಡು ಸಾಲದು, ಹೆಂಚು ಸರಿಸಿ ಇಳಿಯುತ್ತದೆ. ಬಾಗಿಲಿಗೆ ಹಗ್ಗ ಬೇಡ, ಕೀಲಿ ಚಿಲಕ ಹಾಕಿ. ಹೊರಗೆ ಕಟ್ಟಿಹಾಕಿದ ನಾಯಿ ಕಾವಲಲ್ಲ, ತಟ್ಟೆಯಲ್ಲಿಟ್ಟ ಊಟ.

ಒಂದು ಮೇಕೆ ಕೊಂದು ಅರ್ಧ ತಿಂದಿದ್ದರೆ ಮಾರನೆ ರಾತ್ರಿ ಬಾಕಿಗೆ ಬರುವುದು ವಾಡಿಕೆ. ತಿನ್ನುವುದನ್ನು ಚಿರತೆ ಸಾಮಾನ್ಯವಾಗಿ ಹೊಟ್ಟೆ, ಪಕ್ಕೆಯ ಕಡೆಯಿಂದ ಶುರುಮಾಡುತ್ತದೆ, ಕೂದಲನ್ನು ಹಲ್ಲಿನಿಂದ ಕಿತ್ತು ಉಗಿದಿರುತ್ತದೆ. ಆ ಅರ್ಧಕ್ಕೆ ವಿಷ ಹಾಕುವ ಯೋಚನೆ ಬರುವುದು ಸಹಜ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಜೈಲಿನ ದಾರಿ. ಜೊತೆಗೆ ಆ ವಿಷಕ್ಕೆ ಹದ್ದು, ಕಾಗೆ, ಮುಂಗುಸಿ, ನೆರೆಮನೆಯ ನಾಯಿ ಎಲ್ಲವೂ ಹೋಗುತ್ತವೆ.

ಹುಣಸೂರು, ಎಚ್.ಡಿ. ಕೋಟೆ, ಸರಗೂರು ಕಡೆಯವರ ಲೆಕ್ಕ ಬೇರೆ. ಅಲ್ಲಿ ಹುಲಿಯೂ ಉಂಟು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಹುಲಿ, ಚಿರತೆ, ಕೆನ್ನಾಯಿ ಮೂರೂ ಏನನ್ನು ತಿನ್ನುತ್ತವೆ ಅಂತ ಅಳೆದು 1995ರಲ್ಲಿ ಪ್ರಕಟಿಸಿದರು. ಹುಲಿ ಕೊಂದ ಪ್ರಾಣಿಗಳ ಸರಾಸರಿ ತೂಕ 91.5 ಕಿಲೋ, ಚಿರತೆಯದು 37.6, ಕೆನ್ನಾಯಿಯದು 43.4. ಮೂವರೂ ಒಂದೇ ಕಾಡಿನಲ್ಲಿ ಜಗಳ ಕಡಿಮೆ ಮಾಡಿಕೊಂಡು ಬಾಳುವುದು ಈ ಅಂಕಿಗಳಲ್ಲೇ ಇದೆ. ಕಾಟಿ, ಕಡವೆ ಹುಲಿಯ ಪಾಲು, ಚುಕ್ಕೆಜಿಂಕೆ ಮೂವರದೂ. ಇದನ್ನು ಕೊಟ್ಟಿಗೆಗೆ ಅನ್ವಯಿಸಿದರೆ, ನಾನೂರು ಕಿಲೋದ ಎಚ್‌ಎಫ್ ಸೀಮೆಹಸು ಸತ್ತಿದ್ದರೆ ಚಿರತೆಯ ಮಾತೇ ಎತ್ತಬೇಡಿ, ಹುಲಿ. ಕರು ಸತ್ತಿದ್ದರೆ ಎರಡರಲ್ಲಿ ಯಾವುದೂ ಆಗಬಹುದು. ಆಗ ತಿಂದ ಜಾಗ ನೋಡಬೇಕು. ಹುಲಿ ತೊಡೆಯ ಹಿಂಭಾಗದಿಂದ ತಿನ್ನಲು ಶುರುಮಾಡುತ್ತದೆ. ಮೇವಿನ ಚೀಲ, ಕರುಳನ್ನು ಹೊರಗೆಳೆದು ಬದಿಗಿಟ್ಟಿರುತ್ತದೆ. ಸಣ್ಣ ಹಸುವನ್ನಾದರೆ ಪೊದೆಯವರೆಗೆ ಎಳೆದುಕೊಂಡು ಹೋಗಿರುತ್ತದೆ, ನೆಲದ ಮೇಲೆ ಹಲಗೆ ಎಳೆದಂತೆ ಅಗಲ ಗೆರೆ ಬಿದ್ದಿರುತ್ತದೆ. ಬೇಟೆಯ ವಿಧಾನ ಮಾತ್ರ ಚಿರತೆಯದೇ: ಮರೆ, ಸಣ್ಣ ಓಟ, ಗಂಟಲು. ಹುಲಿ ವಾರಕ್ಕೆ ಒಂದು ದೊಡ್ಡ ಪ್ರಾಣಿ, ವರ್ಷಕ್ಕೆ ಸುಮಾರು ಐವತ್ತು ಕೊಲ್ಲುತ್ತದೆ. ಅದಕ್ಕೆ ಹಲವು ಪಟ್ಟು ಸಲ ಬರಿಗೈಲಿ ವಾಪಸಾಗುತ್ತದೆ.

ಕೆನ್ನಾಯಿಯದು ಇದಕ್ಕೆ ಪೂರ್ತಿ ಉಲ್ಟಾ. ಹದಿನೈದು ಕಿಲೋ ಆಸುಪಾಸಿನ ಪ್ರಾಣಿ, ಬೊಗಳುವುದಕ್ಕಿಂತ ಸಿಳ್ಳೆಯಂಥ ದನಿಯಲ್ಲಿ ಮಾತಾಡಿಕೊಳ್ಳುತ್ತದೆ. ಹಗಲಲ್ಲೇ, ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆ ಬೇಟೆ. ಗುಂಪಿನ ಕೆಲವು ಜಿಂಕೆಯನ್ನು ಎಬ್ಬಿಸುತ್ತವೆ, ಉಳಿದವು ಅದು ತಿರುಗುವ ಕಡೆ ಅಡ್ಡ ಬರುತ್ತವೆ. ಮೈಲಿಗಟ್ಟಲೆ ಓಡಿಸುತ್ತವೆ ಅನ್ನುವುದು ಉತ್ಪ್ರೇಕ್ಷೆ, ಓಟ ಎಷ್ಟೋ ಸಲ ಅರ್ಧ ಕಿ.ಮೀ. ಒಳಗೇ ಮುಗಿಯುತ್ತದೆ. ಕಬಿನಿ ಹಿನ್ನೀರಿನ ಅಂಚಿನಲ್ಲಿ ಜಿಂಕೆ ನೀರಿಗೆ ಹಾರುತ್ತದೆ, ಇವೂ ಈಜುತ್ತವೆ, ನೀರಲ್ಲಿ ಜಿಂಕೆಯ ಕಾಲಿನ ಬಲ ಕೆಲಸಕ್ಕೆ ಬಾರದು. ಇವಕ್ಕೆ ಕೊಲ್ಲುವ ಒಂದು ನಿರ್ದಿಷ್ಟ ಕಚ್ಚು ಅಂತ ಇಲ್ಲ. ದೊಡ್ಡ ಪ್ರಾಣಿಯಾದರೆ ಒಂದು ಮೂಗು ಹಿಡಿದು ನೇತಾಡುತ್ತದೆ, ಉಳಿದವು ಹಿಂದಿನಿಂದ ಹೊಟ್ಟೆ, ತೊಡೆ ಸೀಳುತ್ತವೆ. ಸೀಳುನಾಯಿ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಜೀವ ಇರುವಾಗಲೇ ತಿನ್ನಲು ಶುರು. ನೋಡಲು ಕ್ರೂರ, ಆದರೆ ಚಿರತೆಯ ಕತ್ತುಹಿಸುಕಾಟಕ್ಕಿಂತ ಇದರಲ್ಲಿ ಸಾವು ನಿಧಾನ ಅಂತ ಖಚಿತವಾಗಿ ಹೇಳುವಂತಿಲ್ಲ. ಆತುರ ಇರುವುದು ಹುಲಿಗೋ ಚಿರತೆಗೋ ವಾಸನೆ ಹತ್ತಿ ಕಸಿದುಕೊಳ್ಳುವ ಮೊದಲು ಮುಗಿಸಬೇಕು ಅಂತ. ಗೂಡಿನಲ್ಲಿ ಮರಿಗಳಿದ್ದರೆ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ಕಕ್ಕಿ ಉಣಿಸುತ್ತವೆ.

ತೋಳದ ಬಗ್ಗೆ ಎರಡೇ ಮಾತು. ಮೇಲುಕೋಟೆಯ ಅಭಯಾರಣ್ಯ 1974ರಲ್ಲಿ ಆದದ್ದೇ ಅದಕ್ಕಾಗಿ. ತೋಳ ಹೆಚ್ಚಾಗಿ ಜೋಡಿಯಾಗಿ ಬರುತ್ತದೆ: ಒಂದು ಕುರುಬರ ನಾಯಿಗೆ ಕಾಣಿಸಿಕೊಂಡು ಅದನ್ನು ಎಳೆದುಕೊಂಡು ಹೋಗುತ್ತದೆ, ಇನ್ನೊಂದು ಆಚೆ ಬದಿಯಿಂದ ಮರಿ ಎತ್ತುತ್ತದೆ.

ನದಿಗೆ ಇಳಿದರೆ ಎರಗುವ ದೂರ ಇನ್ನೂ ಕಮ್ಮಿಯಾಗುತ್ತದೆ. ರಂಗನತಿಟ್ಟಿನ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿರುವ ಮೊಸಳೆ ಹಕ್ಕಿಗೆ ಹೊಂಚು ಹಾಕುತ್ತಿಲ್ಲ, ಮೈಯ ಕಾವು ಇಳಿಸಿಕೊಳ್ಳುತ್ತಿದೆ. ಹೊಂಚು ಹಾಕುವ ಮೊಸಳೆ ಕಾಣುವುದೇ ಇಲ್ಲ. ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಭಾಗದಲ್ಲಿ ಒಂದೇ ಮಟ್ಟದಲ್ಲಿರುವುದರಿಂದ ಇಡೀ ಮೈ ಮುಳುಗಿಸಿ ಅಷ್ಟನ್ನೇ ಹೊರಗಿಡುತ್ತದೆ. ನಾಲಗೆಯ ಬುಡದಲ್ಲಿ ಗಂಟಲು ಮುಚ್ಚುವ ಕದದಂಥ ಪದರ ಇದೆ, ಹಾಗಾಗಿ ನೀರೊಳಗೆ ಬಾಯಿ ತೆರೆದರೂ ನೀರು ಶ್ವಾಸಕ್ಕೆ ನುಗ್ಗದು. ದಡದಂಚಿಗೆ ಬಂದ ಪ್ರಾಣಿಗೆ ಎರಡು-ಮೂರು ಮೀಟರ್ ಹತ್ತಿರ ಬಂದು ಬಾಲದ ಒಂದೇ ಒದೆತಕ್ಕೆ ಮೇಲೆ ಎದ್ದು ಹಿಡಿಯುತ್ತದೆ. ದವಡೆ ಮುಚ್ಚುವ ಸ್ನಾಯು ಭಾರೀ, ತೆರೆಯುವ ಸ್ನಾಯು ಬಡಪಾಯಿ. ಮುಚ್ಚಿದ ಬಾಯಿಯನ್ನು ಒಂದು ಹಗ್ಗ ಸುತ್ತಿ ಕಟ್ಟಿಬಿಡಬಹುದು. ಜಗಿಯಲು ಬರುವುದಿಲ್ಲ. ಅದಕ್ಕೇ ದೊಡ್ಡ ಬೇಟೆಯನ್ನು ನೀರಿಗೆ ಎಳೆದು ಮುಳುಗಿಸಿ, ಕಚ್ಚಿ ಹಿಡಿದು ತನ್ನ ಮೈಯನ್ನೇ ಗಿರ್ರನೆ ಉರುಳಿಸಿ ತುಂಡು ತಿರುಚಿ ಕೀಳುತ್ತದೆ.

ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ಮೊಸಳೆಗಳು ಮೂತಿಯ ಮೇಲೆ ಕಡ್ಡಿ ಇಟ್ಟುಕೊಂಡು ಅಲುಗದೆ ಇರುವುದು, ಕಡ್ಡಿ ಎತ್ತಲು ಬಂದ ಹಕ್ಕಿಯನ್ನು ಹಿಡಿಯುವುದು ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿನಲ್ಲಿ ಕಂಡು 2013ರಲ್ಲಿ ವರದಿಯಾಯಿತು. ಬೇಕೆಂದೇ ಇಟ್ಟುಕೊಳ್ಳುತ್ತದೋ, ತೇಲಿಬಂದ ಕಡ್ಡಿ ಸಿಕ್ಕಿಕೊಂಡದ್ದೋ ಅನ್ನುವ ವಾದ ಇದ್ದೇ ಇದೆ. ಕಾವೇರಿ ದಡದವರಿಗೆ ಅದಕ್ಕಿಂತ ಮುಖ್ಯ ಸಂಗತಿ ಬೇರೆ: ಮೊಸಳೆ ದಿನಚರಿ ಕಲಿಯುತ್ತದೆ. ಒಂದೇ ಸೋಪಾನದಲ್ಲಿ, ಒಂದೇ ಹೊತ್ತಿಗೆ ದಿನಾ ದನ ತೊಳೆಯುವುದು, ಮೀನು ಉಜ್ಜಿದ ಕಸವನ್ನು ಅಲ್ಲೇ ಚೆಲ್ಲುವುದು ಅದಕ್ಕೆ ಕರೆಯೋಲೆ.

ಅದೇ ನೀರಿನಲ್ಲಿ ನೀರುನಾಯಿಗಳು ಕುಟುಂಬ ಸಮೇತ ಮೀನಿಗೆ ಇಳಿಯುತ್ತವೆ. ಸಾಲುಗಟ್ಟಿ, ಕೆಲವೊಮ್ಮೆ ಬಾಣದ ತುದಿಯ ಆಕಾರದಲ್ಲಿ ಹರಿವಿಗೆ ಎದುರಾಗಿ ಈಜಿ ಮೀನಿನ ಗುಂಪನ್ನು ದಡಕ್ಕೆ ಒತ್ತುತ್ತವೆ. ಕದಡಿದ ನೀರಲ್ಲಿ ಕಣ್ಣಿಗಿಂತ ಮೀಸೆ ಕೆಲಸ ಮಾಡುತ್ತದೆ, ಮೀನಿನ ಬಾಲ ಎಬ್ಬಿಸಿದ ಅಲೆ ಅದಕ್ಕೆ ತಾಗುತ್ತದೆ.

ಭತ್ತದ ಗದ್ದೆಯಲ್ಲಿ ಬೇಟೆಯ ದೂರವನ್ನು ಅಡಿಯಲ್ಲಿ ಅಳೆಯಬೇಕು. ಕೊಳಕುಮಂಡಲ ಇಲಿಯ ಓಡಾಟದ ದಾರಿಯ ಪಕ್ಕದಲ್ಲಿ ಸುರುಳಿ ಸುತ್ತಿ ಗಂಟೆಗಟ್ಟಲೆ ಕಾಯುತ್ತದೆ, ಬಂದ ಇಲಿಗೆ ಒಂದೇ ಏಟು ಹಾಕಿ ತಕ್ಷಣ ಬಿಟ್ಟುಬಿಡುತ್ತದೆ. ಹಿಡಿದುಕೊಂಡರೆ ಇಲಿ ತಿರುಗಿ ಕಚ್ಚಬಹುದು, ಕಣ್ಣು ಹೋಗಬಹುದು. ಇಲಿ ಹತ್ತಾರು ಹೆಜ್ಜೆ ಓಡಿ ಬೀಳುತ್ತದೆ. ಹಾವು ನಿಧಾನವಾಗಿ ನಾಲಗೆ ಚಾಚುತ್ತ, ಆ ನಾಲಗೆಗೆ ಹತ್ತಿದ ವಾಸನೆಯನ್ನು ಬಾಯಿಯ ಮೇಲ್ಛಾವಣಿಯ ಅಂಗಕ್ಕೆ ಮುಟ್ಟಿಸುತ್ತ, ತಾನು ಕಚ್ಚಿದ ಇಲಿಯ ಜಾಡನ್ನೇ ಹಿಡಿದು ಹೋಗುತ್ತದೆ. ಅಲುಗದೆ ಕಾಯುವ ಈ ಗುಣದಿಂದಲೇ ಅದು ಕತ್ತಲಲ್ಲಿ ನೀರು ಕಟ್ಟಲು ಹೋದವರ ಕಾಲಿಗೆ ಸಿಗುವುದು: ಹೆಜ್ಜೆ ಸದ್ದಿಗೆ ಸರಿದುಹೋಗುವುದಿಲ್ಲ. ಬದುವಿನ ಮೇಲೆ ಟಾರ್ಚ್, ಕಾಲಿಗೆ ಗಮ್ ಬೂಟು ಇಲ್ಲದೆ ಇಳಿಯಬಾರದು. ಕೇರೆ ಹಾವಿಗೆ ವಿಷವೂ ಇಲ್ಲ, ಹೆಬ್ಬಾವಿನಂತೆ ಸುತ್ತಿ ಬಿಗಿಯುವ ಬಲವೂ ಇಲ್ಲ. ಅದು ಇಲಿಯನ್ನು ಬಾಯಲ್ಲಿ ಹಿಡಿದು, ಮೈಯ ಒಂದು ಮಡಿಕೆಯಿಂದ ನೆಲಕ್ಕೆ ಒತ್ತಿ, ಹಾಗೇ ಜೀವಂತ ನುಂಗುತ್ತದೆ. ಬಿಲದೊಳಗೇ ನುಗ್ಗಿ ಮರಿಗಳನ್ನೂ ಬಿಡದೆ ತಿನ್ನುವ ಇದನ್ನು ಕಂಡಲ್ಲಿ ಕೊಲ್ಲುವುದು ಗದ್ದೆಗೇ ನಷ್ಟ.

ರಾತ್ರಿ ಇದೇ ಗದ್ದೆ ಕಣಜ ಗೂಬೆಯದು. ಅದರ ಎರಡು ಕಿವಿಯ ತೂತುಗಳು ಒಂದೇ ಮಟ್ಟದಲ್ಲಿಲ್ಲ, ಒಂದು ತುಸು ಮೇಲೆ, ಇನ್ನೊಂದು ಕೆಳಗೆ. ಸದ್ದು ಎಡಕ್ಕೆ ಮೊದಲು ಬಂತೋ ಬಲಕ್ಕೋ ಅನ್ನುವುದರಿಂದ ದಿಕ್ಕು, ಯಾವ ಕಿವಿಗೆ ಜೋರಾಗಿ ಕೇಳಿತು ಅನ್ನುವುದರಿಂದ ಎತ್ತರ ತಿಳಿಯುತ್ತದೆ. ತಟ್ಟೆಯಂಥ ಮುಖದ ಗರಿಗಳು ಸದ್ದನ್ನು ಮೊರದಂತೆ ಕೂಡಿಸಿ ಕಿವಿಗೆ ಕಳಿಸುತ್ತವೆ. ಕಗ್ಗತ್ತಲ ಕೋಣೆಯಲ್ಲಿ ತರಗೆಲೆಯ ಮೇಲೆ ಓಡುವ ಇಲಿಯನ್ನು ಬರೀ ಕಿವಿಯಿಂದ ಹಿಡಿದದ್ದು ಪ್ರಯೋಗದಲ್ಲಿ ಸಾಬೀತಾಗಿದೆ. ರೆಕ್ಕೆಯ ಮುಂದಿನ ಗರಿಯ ಅಂಚು ಬಾಚಣಿಗೆಯಂತೆ ಹಲ್ಲುಹಲ್ಲಾಗಿ ಗಾಳಿಯನ್ನು ಸೀಳಿ ಸದ್ದು ಅಡಗಿಸುವುದರಿಂದ ಇಲಿಗೆ ಬರುವುದು ಗೊತ್ತಾಗುವುದಿಲ್ಲ, ಗೂಬೆಗೂ ತನ್ನ ರೆಕ್ಕೆಯ ಗದ್ದಲದಲ್ಲಿ ಇಲಿಯ ಸದ್ದು ಕಳೆದುಹೋಗುವುದಿಲ್ಲ. ಗದ್ದೆಯಲ್ಲಿ ಆಳೆತ್ತರಕ್ಕಿಂತ ಮೇಲಕ್ಕೆ ಅಡ್ಡಪಟ್ಟಿ ಹೊಡೆದ ಕಂಬ ನೆಟ್ಟರೆ ಕೂತು ಕೇಳಿಸಿಕೊಳ್ಳಲು ಅದಕ್ಕೊಂದು ಜಾಗ. ಇಲಿಪಾಷಾಣ ಇಟ್ಟ ಗದ್ದೆಯಲ್ಲಿ ಮಾತ್ರ ಕಂಬ ನೆಡಬೇಡಿ, ವಿಷ ತಿಂದು ತೂಕಡಿಸುವ ಇಲಿಯೇ ಗೂಬೆಗೆ ಸುಲಭದ ತುತ್ತು, ಆಮೇಲೆ ಗೂಬೆಯೂ ಸಾಯುತ್ತದೆ.

ಕಂಬದ ಬುಡದಲ್ಲೋ ಹಳೇ ಗುಡಿಯ ಗೋಪುರದ ಕೆಳಗೋ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಹಿಕ್ಕೆ ಅಲ್ಲ, ಇಲಿಯನ್ನು ಇಡಿಯಾಗಿ ನುಂಗಿದ ಗೂಬೆ ಜೀರ್ಣವಾಗದ ಕೂದಲು, ಮೂಳೆಗಳನ್ನು ಬಾಯಿಯಿಂದ ಹೊರಹಾಕಿದ್ದು. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಸೂಜಿಯಿಂದ ಬಿಡಿಸಿದರೆ ತಲೆಬುರುಡೆಗಳು ಇಡಿಯಾಗಿ ಸಿಗುತ್ತವೆ. ಮುಂದಿನ ಬಾಚಿಹಲ್ಲು ಕಿತ್ತಳೆ-ಹಳದಿ ಇದ್ದರೆ ಇಲಿ ಅಥವಾ ಹೆಗ್ಗಣ. ಮೂತಿ ಚೂಪಾಗಿ ಹಲ್ಲೆಲ್ಲ ಬಿಳಿ ಇದ್ದರೆ ಸೊಂಡಿಲಿ. ಬುರುಡೆ ಎಣಿಸಿ, ಆ ಉಂಡೆಯ ಲೆಕ್ಕ ಅಷ್ಟು.